ಬಿಳಿಯ ಮೇಲಿನ ಗಾಯ

ಸೋಮನಾಥ ಹೋರ್ ಅವರ ‘ಗಾಯಗಳು’ ಮಾಲಿಕೆಯ ಒಂದು ಅಚ್ಚನ್ನು ನಾನು ಮೊದಲು ಕಂಡದ್ದು ಪುಸ್ತಕವೊಂದರಲ್ಲಿ. ಕಂಡೆ ಎನ್ನುವುದೂ ತಪ್ಪು. ಬೂದು ಬಣ್ಣದ ಒಂದು ಚೌಕ, ಅದರಲ್ಲಿ ಒಂದೆರಡು ಗೀರು. ಮುದ್ರಣದ ದೋಷವಿರಬೇಕೆಂದು ಪುಟ ಮಗುಚಿದೆ. ಎಷ್ಟೋ ವರ್ಷಗಳ ಮೇಲೆ ಮೂಲದ ಮುಂದೆ ನಿಂತಾಗಲೇ ಗೊತ್ತಾದದ್ದು, ಆ ಕಾಗದದ ಮೇಲೆ ಶಾಯಿಯೇ ಇಲ್ಲವೆಂದು. ಬಿಳಿಯ ಮೈಯಲ್ಲಿ ಬಿಳಿಯವೇ ಆದ ಸೀಳುಗಳು, ಕುಳಿಗಳು. ಬೆಳಕು ಪಕ್ಕದಿಂದ ಬಿದ್ದಾಗ ಅವು ನೆರಳು ತುಂಬಿಕೊಂಡು ಕಾಣಿಸಿಕೊಳ್ಳುತ್ತವೆ. ಎದುರಿನಿಂದ ಬೆಳಕು ಚೆಲ್ಲಿ ಫೋಟೋ ತೆಗೆದರೆ ಮಾಯವಾಗುತ್ತವೆ.

ಈ ಬಿಳುಪಿಗೆ ಬರುವ ಮುಂಚೆ ಹೋರ್ ಬಹಳ ದೂರ ನಡೆದಿದ್ದರು. 1921ರಲ್ಲಿ ಚಿತ್ತಗಾಂಗ್ ಸೀಮೆಯಲ್ಲಿ ಹುಟ್ಟಿದ ಅವರನ್ನು 1943ರ ಬಂಗಾಳದ ಕ್ಷಾಮದ ಬೀದಿಗಳಲ್ಲಿ ಚಿತ್ರ ಬರೆಯಲು ಹಚ್ಚಿದವರು ಚಿತ್ತಪ್ರಸಾದ್. 1946ರ ಕೊನೆಗೆ ಕಮ್ಯುನಿಸ್ಟ್ ಪಕ್ಷದ ಪರವಾಗಿ ರಂಗಪುರದ ಹಳ್ಳಿಗಳಿಗೆ ಹೋದರು. ಬೆಳೆಯ ಅರ್ಧವನ್ನು ಒಡೆಯನಿಗೆ ಅಳೆಯುತ್ತಿದ್ದ ಗೇಣಿದಾರರು, ಮೂರರಲ್ಲಿ ಎರಡು ಪಾಲು ತಮಗೇ ಸೇರಬೇಕೆಂದು ಎದ್ದು ನಿಂತ ತೇಭಾಗಾ ಚಳವಳಿಯ ದಿನಗಳು ಅವು. ಹೋರ್ ದಿನಚರಿ ಬರೆದರು, ನಡುನಡುವೆ ರೇಖಾಚಿತ್ರಗಳನ್ನೂ ಹಾಕಿದರು. ಆ ಗೆರೆಗಳಿಗೆ ಅವಸರವಿದೆ, ಆದರೆ ಉಡಾಫೆಯಿಲ್ಲ. ಪೈರು ಕೊಯ್ಯುವವನ ಬೆನ್ನು, ಸಭೆಯಲ್ಲಿ ಕುಕ್ಕರುಗಾಲಲ್ಲಿ ಕೂತವನ ಮೊಣಕಾಲು, ಎಲ್ಲವೂ ಒಬ್ಬೊಬ್ಬ ಮನುಷ್ಯನಿಗೆ ಸೇರಿದ್ದು. ಮುಂದೆ ಇವೇ ಮರದಚ್ಚುಗಳಾದವು.

ಆಮೇಲಿನ ವರ್ಷಗಳಲ್ಲಿ ಅವರು ಎಚಿಂಗ್‌ನಲ್ಲಿ ತೊಡಗಿದರು. ಮೇಣ ಸವರಿದ ಲೋಹದ ತಗಡನ್ನು ಗೀರುವುದು, ಗೀರಿದ ಕಡೆ ಆಮ್ಲ ತಿನ್ನಲು ಬಿಡುವುದು ಈ ಕೆಲಸದ ರೀತಿ. ಇಲ್ಲಿ ಗೆರೆಯೆಂದರೆ ತಗಡಿಗೆ ಆದ ಪೆಟ್ಟೇ. ವರ್ಷಗಟ್ಟಲೆ ಹೀಗೆ ದುಡಿದ ಕೈಗೆ, ಗಾಯದ ಚಿತ್ರ ಬರೆಯುವುದಕ್ಕೂ ಗಾಯ ಮಾಡುವುದಕ್ಕೂ ನಡುವಿನ ಅಂತರ ಕಿರಿದೆಂದು ಹೊಳೆದಿರಬೇಕು. ಶಾಂತಿನಿಕೇತನದಲ್ಲಿ, 1971ರ ಸುಮಾರಿಗೆ, ಮಣ್ಣಿನ ಅಥವಾ ಮೇಣದ ಹಾಳೆಯನ್ನು ಚಾಕುವಿನಿಂದ ಕೊಯ್ದರು, ಕಾದ ಸಲಾಕೆಯಿಂದ ಚುಚ್ಚಿದರು. ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅದರ ಮೇಲೆ ಕಾಗದದ ತಿರುಳನ್ನು ಒತ್ತಿದರು. ಮಣ್ಣಿನಲ್ಲಿ ಕುಳಿಯಾದದ್ದು ಸಿಮೆಂಟಿನಲ್ಲಿ ಉಬ್ಬಾಗಿ, ಕಾಗದದಲ್ಲಿ ಮತ್ತೆ ಕುಳಿಯಾಗುತ್ತದೆ.

ಇದನ್ನು ಮೆಚ್ಚುವುದು ಸುಲಭ. ನನ್ನ ತಕರಾರು ಇರುವುದೂ ಆ ಸುಲಭದಲ್ಲೇ. ರಂಗಪುರದ ರೈತ ಎಲ್ಲಿ ಹೋದ? ಎಲ್ಲೆಲ್ಲೂ ಗಾಯಗಳನ್ನೇ ಕಂಡೆ ಎಂಬರ್ಥದ ಮಾತನ್ನು ಹೋರ್ ಅವರೇ ಆಡಿದ್ದಾರೆ. ಆದರೆ ಎಲ್ಲೆಲ್ಲೂ ಇರುವ ಗಾಯ ಯಾರದೂ ಅಲ್ಲದ್ದಾಗಿಬಿಡುವ ಅಪಾಯವಿದೆ. ಹೊಡೆದವನೂ ಇಲ್ಲ, ಪೆಟ್ಟು ತಿಂದವನೂ ಇಲ್ಲ. ಹೆಸರು ಗೊತ್ತಿಲ್ಲದವನು ಇವನ್ನು ಚಂದದ ಕಾಗದವೆಂದು ತಿಳಿದು ನಡುಮನೆಯ ಗೋಡೆಗೆ ತೂಗುಹಾಕಿಕೊಂಡು ನೆಮ್ಮದಿಯಿಂದ ಊಟ ಮಾಡಬಹುದು. ದಿನಚರಿಯ ಚಿತ್ರಗಳ ಎದುರು ಅಂಥ ನೆಮ್ಮದಿ ಸಾಧ್ಯವಿಲ್ಲ.

ಹಾಗೆಂದು ‘ಗಾಯಗಳು’ ಸೋತ ಕೃತಿಗಳೆಂದು ನಾನು ಹೇಳಲಾರೆ. ಮುಖವನ್ನು ಬಿಟ್ಟುಕೊಟ್ಟು ಅವರು ಇನ್ನೊಂದನ್ನು ಪಡೆದರು. ಕ್ಷಾಮದ ಚಿತ್ರವನ್ನು ನೋಡಿ ನಾವು ಅಯ್ಯೋ ಎನ್ನುತ್ತೇವೆ. ನೋವು ಅವರದು, ಮರುಕ ನಮ್ಮದು. ಈ ಬಿಳಿಯ ಹಾಳೆ ಮರುಕಕ್ಕೆ ಆಸ್ಪದ ಕೊಡುವುದಿಲ್ಲ. ಬೆರಳು ತಾನಾಗಿ ಸೀಳಿನ ಕಡೆ ಚಾಚುತ್ತದೆ, ಮುಟ್ಟಲು ಅಂಜುತ್ತದೆ. ಆದರೂ ಇವಕ್ಕೆ ಹಳೆಯ ದಿನಚರಿಯ ಆಸರೆ ಬೇಕು. 2006ರಲ್ಲಿ ತೀರಿಕೊಳ್ಳುವವರೆಗೆ ಹೋರ್ ಬಿಡದೆ ಕಾಡಿದ್ದು ಒಂದೇ ವಸ್ತುವನ್ನು; ಹಾಗಾಗಿ ಕೊನೆಯದನ್ನು ಮೊದಲಿನದರಿಂದ ಕಿತ್ತು ನೋಡುವುದು ಅನ್ಯಾಯ. ಇಂದು ನಾನು ಆ ಬಿಳಿಯ ಅಚ್ಚನ್ನು ನೆನೆದರೆ, ಅದರ ಕುಳಿಯಲ್ಲಿ ನಿಂತ ನೆರಳಿಗೆ ಕುಕ್ಕರುಗಾಲಲ್ಲಿ ಕೂತ ಆ ರೈತನ ಆಕಾರ ಬರುತ್ತದೆ. ಆ ದಿನಚರಿಯನ್ನು ನೋಡದೆ ಇದ್ದಿದ್ದರೆ ಆ ನೆರಳು ನನಗೆ ಬರೀ ನೆರಳಾಗಿಯೇ ಉಳಿಯುತ್ತಿತ್ತು.