ಸಾವಿನಾಚೆಯ ಅಂಕ

ನಮ್ಮ ಕಿರುತೆರೆಯಲ್ಲಿ ಆತ್ಮಹತ್ಯೆ ಈಗ ಒಂದು ಘಟನೆಯಾಗಿ ಉಳಿದಿಲ್ಲ. ಕಥೆಯ ಗಂಟನ್ನು ಬಿಡಿಸುವ ರೂಢಿಯೇ ಆಗಿಬಿಟ್ಟಿದೆ. ಸೊಸೆ ಕಳಂಕ ಹೊತ್ತಾಗ, ಪ್ರೇಮಿಗಳಿಗೆ ಹೆತ್ತವರ ಒಪ್ಪಿಗೆ ದೊರೆಯದಾಗ, ಹುಡುಗ ಪರೀಕ್ಷೆಯಲ್ಲಿ ನಪಾಸಾದಾಗ ಧಾರಾವಾಹಿಕಾರನಿಗೆ ಮೊದಲು ಹೊಳೆಯುವ ದಾರಿ ಅದೇ. ಹಿನ್ನೆಲೆಯಲ್ಲಿ ಪಿಟೀಲು ಮಿಡಿಯುತ್ತದೆ. ಮನೆಯವರು ಪಶ್ಚಾತ್ತಾಪದಲ್ಲಿ ಬೇಯುತ್ತಾರೆ. ಬದುಕಿದ್ದಾಗ ಸಿಕ್ಕದ ಪ್ರೀತಿ ಸತ್ತ ಮೇಲೆ ಸಿಕ್ಕುತ್ತದೆ. ನೋಡುವವರಲ್ಲಿ ಹದಿನಾರು, ಹದಿನೇಳರ ಮಕ್ಕಳೂ ಇದ್ದಾರೆ. ಈ ದೃಶ್ಯ ಅವರಿಗೆ ಏನನ್ನು ಕಲಿಸುತ್ತದೆಂದು ವಿಮರ್ಶಕನಾದವನು ಕೇಳಬೇಡವೆ?

ಆತಗೂರು ಹೋಬಳಿಯ ನಮಗೆ ಇದು ಬರಿಯ ಕಲೆಯ ಪ್ರಶ್ನೆಯಲ್ಲ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಒಂದರ ಹಿಂದೊಂದು ವರದಿಯಾದುವು. ವಾರ್ತಾವಾಹಿನಿಗಳು ಅದೇ ಅಂಗಳವನ್ನು, ಅದೇ ಗೋಳನ್ನು ಮತ್ತೆ ಮತ್ತೆ ತೋರಿಸಿದುವು. ಅಂಥದೇ ಸಾಲ ಹೊತ್ತ ಮನೆಗಳ ಮಕ್ಕಳು ನಡುಮನೆಯಲ್ಲಿ ಕುಳಿತು ಅದನ್ನು ನೋಡಿದರು. ನನ್ನ ತರಗತಿಯ ಬೆಂಚುಗಳಲ್ಲಿ ಕುಳಿತವರೂ ಅಂಥ ಮಕ್ಕಳೇ.

ತೋರಿಸುವ ಬಗೆಗೂ ಅನುಕರಣಕ್ಕೂ ನಂಟಿದೆಯೆಂಬ ಮಾತು ಹೊಸದಲ್ಲ. 1774ರಲ್ಲಿ ಗಯಟೆಯ ‘ವರ್ಥರ್’ ಕಾದಂಬರಿ ಹೊರಬಂದಾಗಲೇ ಆ ಭಯ ಹುಟ್ಟಿತ್ತು. 1974ರಲ್ಲಿ ಸಮಾಜಶಾಸ್ತ್ರಜ್ಞ ಫಿಲಿಪ್ಸ್ ಈ ಅನುಕರಣಕ್ಕೆ ಆ ನಾಯಕನ ಹೆಸರನ್ನೇ ಇಟ್ಟನು. ವಿಯೆನ್ನಾದ ಪತ್ರಿಕೆಗಳು 1987ರಿಂದ ತಮ್ಮ ವರದಿಯ ಅಬ್ಬರವನ್ನು ತಗ್ಗಿಸಿದಾಗ ಅಲ್ಲಿನ ಸುರಂಗ ರೈಲಿನ ಆತ್ಮಹತ್ಯೆಗಳೂ ತಗ್ಗಿದುವು. 2017ರ ‘ತರ್ಟೀನ್ ರೀಸನ್ಸ್ ವೈ’ ಎಂಬ ಅಮೆರಿಕದ ಧಾರಾವಾಹಿಯ ಪರಿಣಾಮವೆಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೂ 2019ರಲ್ಲಿ ನಿರ್ಮಾಪಕರೇ ಆ ಸಾವಿನ ದೃಶ್ಯವನ್ನು ತೆಗೆದುಹಾಕಿದರು. ಅದೇ ವರ್ಷ ನಮ್ಮ ಭಾರತೀಯ ಪತ್ರಿಕಾ ಮಂಡಳಿ, ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದು, ಸುದ್ದಿಯನ್ನು ರಂಜಿಸಬಾರದು ಎಂದು ಸೂತ್ರಗಳನ್ನು ಕೊಟ್ಟಿತು. ಆದರೆ ಮಂಡಳಿಯ ಅಧಿಕಾರ ಪತ್ರಿಕೆಗಳ ಮೇಲೆ. ಕಿರುತೆರೆ ಅದರ ಕೈಗೆ ಸಿಕ್ಕುವುದಲ್ಲ.

ಹಾಗೆಂದ ಮಾತ್ರಕ್ಕೆ ಕಲೆ ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂದು ನಾನು ಹೇಳಲಾರೆ. ಕಿರುತೆರೆ ಈ ರೂಢಿಯನ್ನು ಪಡೆದದ್ದು ಹಿರಿತೆರೆಯಿಂದ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972), ‘ರಂಗನಾಯಕಿ’ (1981) ಎರಡೂ ಮುಗಿಯುವುದು ಆತ್ಮಹತ್ಯೆಯಲ್ಲಿ. ಅವರ ಪ್ರತಿಭೆ ದೊಡ್ಡದು. ದೊಡ್ಡದಾದ್ದರಿಂದಲೇ ಆ ಮುಕ್ತಾಯಗಳು ಸಾವಿಗೆ ಒಂದು ಪ್ರಭಾವಳಿಯನ್ನು ಕಟ್ಟಿಬಿಡುತ್ತವೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಅವರದೇ ‘ಶರಪಂಜರ’ (1971) ಬೇರೆ ಜಾತಿಯದು. ಅಲ್ಲಿ ಕಾವೇರಿಯ ಮನಸ್ಸು ಮುರಿಯುವುದನ್ನಷ್ಟೇ ಅಲ್ಲ, ಗುಣವಾಗಿ ಬಂದವಳನ್ನು ಗಂಡನೂ ನೆರೆಹೊರೆಯೂ ಮತ್ತೆ ಹೇಗೆ ಮುರಿದರೆಂಬುದನ್ನೂ ನೋಡುತ್ತೇವೆ. ಕನಿಕರದ ಜೊತೆಗೆ ಪ್ರೇಕ್ಷಕನಿಗೆ ನಾಚಿಕೆಯೂ ಆಗುತ್ತದೆ.

ಇದಕ್ಕಿಂತ ಮಿಗಿಲಾದ ಮಾದರಿ ನಮ್ಮ ಜಿಲ್ಲೆಯ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರಲ್ಲಿದೆ. ಸಾಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಅವರು ‘ಅಶ್ವತ್ಥಾಮನ್’ ಆಗಿ ಕನ್ನಡಿಸಿದರು. ಅವಮಾನದಿಂದ ಕುದಿದ ನಾಯಕ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾನೆ. ನಮ್ಮ ಧಾರಾವಾಹಿಯಾದರೆ ಪರದೆ ಅಲ್ಲಿಗೇ ಬೀಳುತ್ತಿತ್ತು. ಇಲ್ಲಿ ಮುಖ್ಯವಾದ ಮಾತು ಇನ್ನೂ ಉಳಿದಿರುತ್ತದೆ: ಮಡದಿ ಭಾರ್ಗವಿಯ ಗತಿ, ಮಗುವಿನ ಗತಿ, ಏಕಲವ್ಯನ ದುಃಖ, ಅಂತ್ಯಸಂಸ್ಕಾರದ ವಾಗ್ವಾದ. ಸತ್ತವನ ನೋವು ಮುಗಿಯಲಿಲ್ಲ, ಉಳಿದವರ ಹೆಗಲಿಗೆ ದಾಟಿತು. ಆ ಭಾರವನ್ನು ಪ್ರೇಕ್ಷಕ ಹೊತ್ತು ಹೋಗುವಂತೆ ಮಾಡುವುದೇ ದುರಂತ ನಾಟಕದ ಧರ್ಮ.

ಉಳಿದವರ ಕಥೆಯಂತೆ ಉಳಿದುಕೊಂಡವರ ಕಥೆಯೂ ಇದೆ. ಮೊಜಾರ್ಟನ ‘ಮಾಯಾ ಕೊಳಲು’ (1791) ಗೀತನಾಟಕದಲ್ಲಿ ಸಾಯಹೊರಟ ಪಪಗೇನೊನನ್ನು ಮೂವರು ಬಾಲಕರು ತಡೆದು, ಬೇರೆ ದಾರಿಯನ್ನು ನೆನಪಿಸುತ್ತಾರೆ. ಸಂಕಟವನ್ನು ದಾಟಿ ಬದುಕಿದವರ ಕಥೆಗಳಿಗೆ ಕಾಪಾಡುವ ಶಕ್ತಿಯಿರಬಹುದೆಂದು 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಕಂಡು, ಅದಕ್ಕೆ ಅವನ ಹೆಸರಿಟ್ಟರು.

ಪರದೆಯ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ 14416 ಓಡಿದರೆ ಒಳ್ಳೆಯದೇ. ಅಷ್ಟರಿಂದ ಧಾರಾವಾಹಿಕಾರನ ಹೊಣೆ ತೀರದು. ನಪಾಸಾದ ಹುಡುಗ ಮರುದಿನ ಬೆಳಗ್ಗೆ ಎದ್ದು ಯಾರೊಡನೆ ಮಾತನಾಡಿದ, ಅವನ ಮಾತಿಗೆ ಯಾರು ಕಿವಿಗೊಟ್ಟರು ಎಂಬುದನ್ನು ಬರೆಯುವುದಕ್ಕೆ ಸಾಯಿಸುವುದಕ್ಕಿಂತ ಹೆಚ್ಚಿನ ಕಲ್ಪನೆ ಬೇಕು. ನಮ್ಮ ಕಿರುತೆರೆಯ ಲೇಖಕರು ಇನ್ನು ಬರೆಯಬೇಕಾದ ಅಂಕ ಅದು.