ಗಡಿಯ ನೋಡುಗರು ಮತ್ತು ಪಂತುಲು ಅವರ ಎರಡು ಚಿತ್ರಗಳು

ಹಳೇ ಸಿನಿಮಾ ಅಭಿಮಾನ ಅಂದ್ರೆ ಬರೀ ತಾರಾಮೋಹ ಅಂತ ನಾವು ತಳ್ಳಿಹಾಕ್ತೀವಿ. ಆದರೆ ಅದಿಯಮಾನ್‌ಕೋಟೆ ಕಡೆಯ, ಮನೇಲಿ ಕನ್ನಡ, ಪೇಟೇಲಿ ತಮಿಳು ಆಡುವ ಅಭಿಮಾನಿಯನ್ನು ನೆನೆಯಿರಿ. ಬಿ.ಆರ್. ಪಂತುಲು 1959ರಲ್ಲಿ ತಮಿಳಿನ ‘ವೀರಪಾಂಡಿಯ ಕಟ್ಟಬೊಮ್ಮನ್’, 1961ರಲ್ಲಿ ಕನ್ನಡದ ‘ಕಿತ್ತೂರು ಚೆನ್ನಮ್ಮ’ ನಿರ್ದೇಶಿಸಿದರು. ಎರಡರಲ್ಲೂ ಕಂಪನಿ ಸರ್ಕಾರಕ್ಕೆ ಎದುರುನಿಂತವರ ಕಥೆಯೇ. ಶಿವಾಜಿ ಗಣೇಶನ್ ಗುಡುಗಿ ಗೆದ್ದರು, ಬಿ. ಸರೋಜಾದೇವಿ ಅವರ ರಾಣಿಯ ಸಿಟ್ಟಿನ ಕೆಳಗೆ ವಿಧವೆಯ ದುಃಖವೂ ಕೇಳಿಸುತ್ತೆ. ಇಬ್ಬರನ್ನೂ ಅವರವರ ಮಾತಲ್ಲೇ ಕೇಳಿ ಅಳೆಯಬಲ್ಲವರು ಇಂಥ ಅಭಿಮಾನಿಗಳೇ. ನಮ್ಮ ಪಠ್ಯಕ್ರಮದಲ್ಲಿ ಮಾತ್ರ ‘ಕನ್ನಡ ಸಿನಿಮಾ’, ‘ತಮಿಳು ಸಿನಿಮಾ’ ಬೇರೆ ಬೇರೆ ಕೋಣೆ. ನೋಡಿದವರ ಕಡೆಯಿಂದಲೂ ಚರಿತ್ರೆ ಬರೀಬೇಕು. ಇಲ್ಲದಿದ್ರೆ ಗಡಿಯ ನೋಡುಗರು ಎರಡೂ ಚರಿತ್ರೆಯಿಂದ ಹೊರಗುಳೀತಾರೆ.