ಸೊಪ್ಪೆ ದಂಟಿನ ಬಂಡಿಗೂ ಒಂದು ಮೇಜು ಕೊಡಿ

ಹಿಂಗಾರಿ ಜೋಳ ಕೊಯ್ದು ಸೊಪ್ಪೆ ಬಣವೆಗೆ ಏರುವ ಹೊತ್ತಿಗೇ ಶಾಲೆಗಳಲ್ಲಿ ವಿಜ್ಞಾನ ದಿನದ ಸಡಗರ ಶುರುವಾಗುತ್ತದೆ. ಸಿ.ವಿ. ರಾಮನ್ 1928ರ ಫೆಬ್ರುವರಿ 28ರಂದು ಬೆಳಕು ಚದುರುವ ಹೊಸ ಬಗೆಯೊಂದನ್ನು ಕಂಡರು. ಅದರ ನೆನಪಿಗೆ 1987ರಿಂದ ಆ ದಿನವನ್ನು ದೇಶವೆಲ್ಲ ಆಚರಿಸುತ್ತಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ದಿನಗಳಲ್ಲಿ ಎರಡು ಬಗೆಯ ಮಾದರಿಗಳು ತಯಾರಾಗುತ್ತವೆ. ಒಂದು ಶಾಲೆಯ ಒಳಗೆ: ಥರ್ಮೋಕೋಲಿನ ಜ್ವಾಲಾಮುಖಿ, ಬಣ್ಣ ಬಳಿದ ಚೆಂಡುಗಳ ಸೌರವ್ಯೂಹ, ಜೊತೆಗೆ ಬಾಯಿಪಾಠ ಮಾಡಿದ ವಿವರಣೆ. ಇನ್ನೊಂದು ಶಾಲೆಯ ಹೊರಗೆ, ಬಣವೆಯ ಪಕ್ಕದಲ್ಲಿ: ಜೋಳದ ದಂಟಿನ ಬಂಡಿ. ಬಹುಮಾನ ಮೊದಲನೆಯದಕ್ಕೆ ಹೋಗುತ್ತದೆ. ಎಂಜಿನಿಯರಿಂಗ್ ಇರುವುದು ಎರಡನೆಯದರಲ್ಲಿ.

ದಂಟಿನ ಬಂಡಿಯನ್ನು ಕಾಣದ ಪಟ್ಟಣದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಚೆನ್ನಾಗಿ ಒಣಗಿದ ದಂಟನ್ನು ಗೆಣ್ಣಿನಿಂದ ಗೆಣ್ಣಿಗೆ ಮುರಿದು ಸಿಪ್ಪೆಯನ್ನು ಉದ್ದುದ್ದ ಸೀಳಬೇಕು. ಒಳಗೆ ಬೆಳ್ಳಗಿನ ಬೆಂಡು ಉಳಿಯುತ್ತದೆ. ಬೆಂಡು ಹಗುರ, ಮೆತ್ತಗೆ. ಸಿಪ್ಪೆಯ ಸಿಬಿರು ಗಟ್ಟಿ, ಚೂಪು. ಎಚ್ಚರ ತಪ್ಪಿದರೆ ಬೆರಳು ಕೊಯ್ಯುತ್ತದೆ. ಬೆಂಡಿಗೆ ಸಿಬಿರು ಚುಚ್ಚಿದರೆ ಕೀಲು ಸಿದ್ಧ. ಅಂಟು, ಮೊಳೆ, ದಾರ ಒಂದೂ ಬೇಡ. ಬೆಂಡಿನ ಬಿಲ್ಲೆಗಳು ಗಾಲಿಯಾಗುತ್ತವೆ, ಸಿಬಿರೇ ಅಚ್ಚು, ಉದ್ದನೆಯ ದಂಟು ಮೂಕಿ, ಅದರ ತುದಿಗೆ ಅಡ್ಡಲಾಗಿ ನೊಗ. ಗಾಲಿ ಓರೆಯಾದರೆ ಕಿತ್ತು ಇನ್ನೊಮ್ಮೆ ಚುಚ್ಚಿದರಾಯಿತು. ಹತ್ತು ಸಲ ಕಿತ್ತು ಹತ್ತು ಸಲ ಕಟ್ಟಿದರೂ ಕಾಸು ಖರ್ಚಿಲ್ಲ, ಬೈಯುವವರೂ ಇಲ್ಲ. ಮಗುವಿನ ಕೈಗೆ ಕೊಡುವ ಯಾವ ಸಾಮಗ್ರಿಯಲ್ಲೂ ನಾನು ಮೊದಲು ಹುಡುಕುವುದು ಈ ಗುಣವನ್ನೇ. ತಪ್ಪು ಮಾಡಲು ಹೆದರಿಕೆ ಹುಟ್ಟಿಸುವ ವಸ್ತುವಿನಿಂದ ಮಗು ಏನನ್ನೂ ಕಲಿಯಲಾರದು.

ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ತೂತುಳ್ಳ ಲೋಹದ ಪಟ್ಟಿಗಳ ಆಟಿಕೆಗೆ ಪೇಟೆಂಟ್ ಪಡೆದ. ಮುಂದೆ ಮೆಕ್ಯಾನೋ ಎಂದು ಹೆಸರಾದ ಆ ಪೆಟ್ಟಿಗೆಯಿಂದ ಎಷ್ಟೋ ಎಂಜಿನಿಯರುಗಳು ಮೂಡಿದರು. ಅಷ್ಟು ದುಡ್ಡು ಕೊಡಲಾಗದ ಮಕ್ಕಳಿಗೆ ನಮ್ಮ ಅರವಿಂದ ಗುಪ್ತ ದಾರಿ ತೋರಿಸಿದರು. ಐಐಟಿ ಕಾನ್ಪುರದಲ್ಲಿ ಓದಿ ಟೆಲ್ಕೊದಲ್ಲಿ ಕೆಲಸಕ್ಕಿದ್ದ ಅವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಹಳ್ಳಿ ಶಾಲೆಗಳಲ್ಲಿ ಪ್ರಯೋಗದಿಂದಲೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಅಲ್ಲಿ 1972ರಿಂದ ನಡೆದಿತ್ತು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಕೂಡಿಸಿ ತ್ರಿಕೋನ, ಚೌಕ, ಮನೆ, ಸೇತುವೆ ಕಟ್ಟುವ ಆಟವನ್ನು ಅವರು ಅಲ್ಲಿ ರೂಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಬೆಂಕಿಕಡ್ಡಿಯ ಕೆಲಸವನ್ನೆಲ್ಲ ನಮ್ಮ ಸೊಪ್ಪೆ ದಂಟೂ ಮಾಡುತ್ತದೆ. ನಾಲ್ಕು ಸಿಬಿರು, ನಾಲ್ಕು ಬೆಂಡಿನ ತುಂಡು ಸೇರಿಸಿ ಚೌಕ ಮಾಡಿ ಒಂದು ಮೂಲೆಯಿಂದ ಒತ್ತಿದರೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಸಿಬಿರು ಹಾಕಿದರೆ ಬಿಗಿಯಾಗಿ ನಿಲ್ಲುತ್ತದೆ. ಇಷ್ಟು ಮಾಡಿದ ಹುಡುಗಿ ಮರುದಿನ ಮೊಬೈಲ್ ಟವರನ್ನೂ ಹೊಲದ ಮೇಲೆ ಹಾದುಹೋಗುವ ಹೈಟೆನ್ಷನ್ ಕಂಬವನ್ನೂ ನೋಡುವ ರೀತಿಯೇ ಬೇರೆಯಾಗಿರುತ್ತದೆ. ಅವುಗಳ ಮೈತುಂಬ ತ್ರಿಕೋನಗಳು ಯಾಕಿವೆ ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ.

ಇನ್ನೂ ಮುಂದಕ್ಕೆ ಹೋಗಬಹುದು. ಎರಡು ಇಟ್ಟಿಗೆಗಳ ನಡುವೆ ದಂಟು ಇಟ್ಟು, ಮಧ್ಯಕ್ಕೆ ಡಬ್ಬಿ ತೂಗುಬಿಟ್ಟು, ದಂಟು ಮುರಿಯುವವರೆಗೆ ಚಮಚ ಚಮಚ ಮರಳು ಹಾಕುವುದು. ಸಿಪ್ಪೆ ಸಹಿತ ಒಮ್ಮೆ, ಸಿಪ್ಪೆ ಸುಲಿದು ಒಮ್ಮೆ. ಹರಪನಹಳ್ಳಿ ಕಡೆ ಈಗ ಮೆಕ್ಕೆಜೋಳವೇ ಹೆಚ್ಚು, ಅದರ ದಂಟಿನಿಂದಲೂ ಒಮ್ಮೆ. ಸುಲಿದ ಬೆಂಡು ಹಿಡಿ ಮರಳಿಗೇ ಸೋಲುತ್ತದೆ, ಸಿಪ್ಪೆಯಿರುವ ದಂಟು ಎಷ್ಟೋ ಪಟ್ಟು ತಡೆಯುತ್ತದೆ. ಬಲವೆಲ್ಲ ಹೊರಮೈಯಲ್ಲಿದೆ, ಒಳಗಿನ ಬೆಂಡು ಹೊರಮೈ ಕುಸಿಯದಂತೆ ಕಾಯುತ್ತದೆ. ಸೈಕಲ್ಲಿನ ಚೌಕಟ್ಟಿಗೆ ಗಟ್ಟಿ ಸರಳಿನ ಬದಲು ಪೊಳ್ಳು ಕೊಳವೆ ಹಾಕುವುದು ಇದೇ ಕಾರಣಕ್ಕೆ. ಮರಳಿನ ಲೆಕ್ಕ ಬರೆದಿಡಲು ಒಂದು ಹಾಳೆ ಸಾಕು. ಆ ಹಾಳೆಯೇ ಯೋಜನಾ ವರದಿ, ಅದಕ್ಕಿಂತ ಚೆಂದದ ಚಾರ್ಟ್ ಬೇಕಿಲ್ಲ.

ಇಲ್ಲಿಂದ ಕೊಟ್ಟೂರಿನ ತೇರಿಗೆ ಬಹಳ ದೂರವಿಲ್ಲ. 2017ರ ಫೆಬ್ರುವರಿಯಲ್ಲಿ ಗುರು ಕೊಟ್ಟೂರೇಶ್ವರರ ತೇರು ಎಳೆಯುತ್ತಿದ್ದಾಗ ಅಚ್ಚು ಮುರಿದು ತೇರೇ ಉರುಳಿತು, ಭಕ್ತರಿಗೆ ಗಾಯಗಳಾದವು. ಈ ಸೀಮೆಯ ಪ್ರತಿ ಮನೆಯಲ್ಲೂ ಆ ಮಾತು ನಡೆದಿತ್ತು. ಶಕುನ, ಅಪಶಕುನದ ಚರ್ಚೆ ಬೇಕಾದಷ್ಟು ಆಯಿತು. ಅಚ್ಚಿನ ಚರ್ಚೆ ತರಗತಿಯಲ್ಲಿ ಆಗಬೇಕಿತ್ತು. ಒಂದೇ ಮರ, ಒಂದೇ ಉದ್ದ ಎಂದಿಟ್ಟುಕೊಂಡರೆ ಅಚ್ಚಿನ ದಪ್ಪ ಇಮ್ಮಡಿಯಾದಾಗ ಅದನ್ನು ಬಾಗಿಸಿ ಮುರಿಯಲು ಎಂಟು ಪಟ್ಟು ಬಲ ಬೇಕು. ಭಾರ ಮೇಲಕ್ಕೆ ಹೋದಷ್ಟೂ ತೇರು ವಾಲಿ ಬೀಳುವ ಕೋನ ಕಿರಿದಾಗುತ್ತದೆ. ದಂಟಿನ ಬಂಡಿಯ ಮೇಲೆ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿ, ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ, ಹಲಗೆಯನ್ನು ಮೆಲ್ಲಗೆ ಎತ್ತುತ್ತ ಕೋನಮಾಪಕದಿಂದ ಅಳೆದರೆ ಏಳನೇ ತರಗತಿಯ ಮಕ್ಕಳೂ ಇದನ್ನು ಕಂಡುಕೊಳ್ಳುತ್ತಾರೆ. ಅಗಲವಾದ ಗಾಲಿಯಂತರ, ಕೆಳಗೆ ಭಾರ, ದಪ್ಪ ಅಚ್ಚು: ತೇರು ಕಟ್ಟುವ ಬಡಗಿಗಳು ತಲೆಮಾರುಗಳಿಂದ ಬಲ್ಲ ಈ ಸಂಗತಿಗಳನ್ನು ಮಕ್ಕಳು ಅವರ ಬಾಯಿಂದಲೇ ಕೇಳಿ ಬರುವಂತಾದರೆ ಇನ್ನೂ ಒಳ್ಳೆಯದು. ಊರಿನ ಬಡಗಿಯನ್ನು ವಿಜ್ಞಾನ ದಿನದ ಮುಖ್ಯ ಅತಿಥಿಯಾಗಿ ಕರೆಯಲು ಯಾವ ಸುತ್ತೋಲೆಯೂ ಅಡ್ಡಿಯಿಲ್ಲ.

ಹಡಗಲಿಯ ಮಕ್ಕಳಿಗೆ ಮಲ್ಲಿಗೆಯಿದೆ, ಭೌಗೋಳಿಕ ಸೂಚಕ ಪಡೆದ ಮಲ್ಲಿಗೆ. ಕಿತ್ತ ಮೊಗ್ಗು ಎಷ್ಟು ಹೊತ್ತು ಬಾಡದೆ ಉಳಿಯುತ್ತದೆ ಎಂಬುದು ಆ ಮನೆಗಳಲ್ಲಿ ಆಟದ ಪ್ರಶ್ನೆಯಲ್ಲ, ಸಂತೆಯ ಪ್ರಶ್ನೆ. ಒಂದೇ ತೂಕದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ, ಬಾಳೆಲೆಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಇಟ್ಟು ಗಂಟೆಗೊಮ್ಮೆ ತೂಗಬಹುದು. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಕರೆಂಟಿಲ್ಲದ ಹಳ್ಳಿಗಳಲ್ಲಿ ತರಕಾರಿ ಕಾಪಾಡುವ ಉಪಾಯವನ್ನು ಹರಡಿದರು. ನೀರು ಆವಿಯಾಗುವಾಗ ಮಡಕೆಯ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ಮಂಗಳೂರಿನಲ್ಲಿ ಇದು ಹೆಚ್ಚು ಫಲಿಸದು. ಒಣಗಾಳಿಯ ನಮ್ಮ ಬಯಲುಸೀಮೆಗೆ ಹೇಳಿ ಮಾಡಿಸಿದ್ದು. ಬಿಸಿಲನ್ನು ಶಪಿಸುವ ನಮಗೆ ಅದರಿಂದಾಗುವ ಈ ಲಾಭವನ್ನು ಮಕ್ಕಳೇ ತೋರಿಸಿಕೊಡಲಿ.

ನೀರಿನ ವಿಷಯಕ್ಕೆ ಬರುತ್ತೇನೆ, ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಯೋಗ. ತುಂಗಭದ್ರಾ ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಹೊಲದಂಚಿಗೆ ಬಂದು ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಪೂರ್ತಿ ತುಂಬಿದಾಗ ಅದರ ಮೇಲೆ ನೀರು ಒತ್ತುವ ಬಲವನ್ನು ಹತ್ತನೇ ತರಗತಿಯ ಮಕ್ಕಳು ಲೆಕ್ಕ ಹಾಕಬಲ್ಲರು: ಅಗಲ 18.3 ಮೀಟರ್, ಎತ್ತರ 6.1 ಮೀಟರ್, ಸರಾಸರಿ ಆಳ ಅದರ ಅರ್ಧ. ಉತ್ತರ ಸುಮಾರು 340 ಟನ್ ಭಾರಕ್ಕೆ ಸಮ. ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದ ತಂಡ ಒಂದು ವಾರದೊಳಗೆ ಆ ಬಾಯಿ ಮುಚ್ಚಿತು. ಇಡೀ ಗೇಟನ್ನು ಒಮ್ಮೆಗೇ ಇಳಿಸದೆ ತುಂಡು ತುಂಡಾಗಿ ಯಾಕೆ ಇಳಿಸಿದರು? ಎರಡು ಬದಿ ಗಾಡಿ (ಪಟ್ಟಿ ಜಾರುವ ತೋಡು) ಕೊರೆದ ಚಿಕ್ಕ ಕಾಲುವೆ ಮಾಡಿ, ನೀರು ಬಿಟ್ಟು, ಒಮ್ಮೆ ಅಗಲವಾದ ಪಟ್ಟಿ, ಒಮ್ಮೆ ಕಿರಿದಾದ ಪಟ್ಟಿಗಳನ್ನು ಇಳಿಸಿ ನೋಡಿದರೆ ಕೈಗೇ ಉತ್ತರ ಸಿಗುತ್ತದೆ. ದೊಡ್ಡ ಪಟ್ಟಿಯನ್ನು ನೀರು ಗಾಡಿಗೆ ಒತ್ತಿ ಹಿಡಿಯುತ್ತದೆ, ಅದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಇದರ ಜೊತೆಗೇ ಬಾಟಲಿಯ ಪ್ರಯೋಗ ಮಾಡಿಸಿ. ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು. ನೀರು ತುಂಬಿದರೆ ಮೂರು ಧಾರೆ. ನೆಲದ ಮೇಲೆ ನಿಂತ ಬಾಟಲಿಯ ಕೆಳಗಿನ ಧಾರೆಯೇ ಅತಿ ದೂರ ಬೀಳುವಂತೆ ತೋರಿಸುವ ಚಿತ್ರ ಅನೇಕ ಪುಸ್ತಕಗಳಲ್ಲಿದೆ. ಆ ಚಿತ್ರ ತಪ್ಪು. ಕೆಳಗಿನ ತೂತಿನಿಂದ ನೀರು ಅತಿ ವೇಗವಾಗಿ ಹೊರಡುವುದು ನಿಜ, ಆದರೆ ನೆಲ ಹತ್ತಿರವೇ ಇರುವುದರಿಂದ ಮುಂದೆ ಸಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಮೇಲಿನ ಧಾರೆಗೆ ಸಮಯವಿದೆ, ವೇಗವಿಲ್ಲ. ಹಾಗಾಗಿ ನಡುವಿನ ಧಾರೆ ಗೆಲ್ಲುತ್ತದೆ. ಅದೇ ಬಾಟಲಿಯನ್ನು ಅದಕ್ಕಿಂತ ಎತ್ತರವಾದ ಸ್ಟೂಲಿನ ಅಂಚಿಗೆ ಇಟ್ಟು ನೆಲದ ಮೇಲೆ ಅಳೆಯಿರಿ, ಆಗ ಕೆಳಗಿನದೇ ಮುಂದೆ. ಅಳೆಯುವವರೆಗೂ ಬಾಟಲಿಯ ನೀರಿನ ಮಟ್ಟ ಇಳಿಯದಂತೆ ಒಬ್ಬರು ಸುರಿಯುತ್ತಿರಬೇಕು. ಅಚ್ಚಾದ ಚಿತ್ರವೂ ತಪ್ಪಿರಬಹುದು, ತನ್ನ ಕೈಯ ಅಳತೆಪಟ್ಟಿ ಅದನ್ನು ಹಿಡಿಯಬಲ್ಲದು ಎಂದು ಹನ್ನೆರಡು ವರ್ಷದ ಹುಡುಗನಿಗೆ ಗೊತ್ತಾಗುವ ಗಳಿಗೆಯೇ ವಿಜ್ಞಾನದ ಪ್ರವೇಶ.

ಪ್ರದರ್ಶನಗಳ ತೀರ್ಪುಗಾರರಲ್ಲಿ ನನ್ನದೊಂದು ಬೇಡಿಕೆಯಿದೆ. ಮಾದರಿಯ ಅಂದವನ್ನು ಬದಿಗಿಟ್ಟು ಮಗುವನ್ನು ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಏನನ್ನಾದರೂ ಬದಲಿಸಿ ನೋಡಿದೆಯಾ, ಆಗ ಏನಾಯಿತು? ಜ್ವಾಲಾಮುಖಿಯ ಹುಡುಗನೂ ಇದಕ್ಕೆ ಉತ್ತರಿಸಿದರೆ, ಅಡುಗೆ ಸೋಡಾ ಹೆಚ್ಚಿಸಿದಾಗ, ವಿನೆಗರ್ ಬೆಚ್ಚಗಿದ್ದಾಗ ಏನಾಯಿತೆಂದು ಹೇಳಿದರೆ ಬಹುಮಾನ ಅವನಿಗೂ ಸಲ್ಲಬೇಕು. ಉತ್ತರವಿಲ್ಲದ ಮಾದರಿ ಎಷ್ಟು ಮಿನುಗಿದರೂ ಅಂಕ ಬೇಡ. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆ ಆಯ್ಕೆಯಾದ ಪ್ರತಿ ಕಲ್ಪನೆಗೆ 10,000 ರೂಪಾಯಿ ಕೊಡುತ್ತದೆ. ಆ ಹಣ ಸಿದ್ಧ ಮಾದರಿ ಮಾರುವ ಅಂಗಡಿಗೆ ಹೋಗದಂತೆ ನೋಡಿಕೊಳ್ಳುವುದು ಶಾಲೆಯ ಹೊಣೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ತ್ರಿಡಿ ಪ್ರಿಂಟರ್ ಬಂದಿದೆ, ಬರಲಿ. ಬೆಂಡಿನಲ್ಲಿ ಗಾಲಿ ಕೂರಿಸಿ ಪಳಗಿದ ಕೈಗೆ ಆ ಯಂತ್ರವೂ ಬೇಗ ಒಗ್ಗುತ್ತದೆ.

ದಾರಿ ತೋರಿದವರು ನಮ್ಮಲ್ಲೂ ಇದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ದಶಕಗಳಿಂದ ಕನ್ನಡದ ಮಕ್ಕಳಿಗೆ ವಿಜ್ಞಾನ ಉಣಿಸಿದೆ. 2023ರ ಆರಂಭದಲ್ಲಿ ಸರ್ಕಾರಿ ಶಾಲೆಗಳಲ್ಲಿ ನಡೆದ ಕಲಿಕಾ ಹಬ್ಬದಲ್ಲಿ 'ಕಾಗದ-ಕತ್ತರಿ', 'ಮಾಡು-ಆಡು', 'ಊರು ತಿಳಿಯೋಣ' ಎಂಬ ಮೂಲೆಗಳಿದ್ದವು. ಹಬ್ಬ ಎರಡು ದಿನಕ್ಕೆ ಮುಗಿಯಬಾರದು ಎಂಬುದಷ್ಟೇ ನನ್ನ ತಕರಾರು. 'ಊರು ತಿಳಿಯೋಣ' ವಾರಕ್ಕೊಂದು ಪೀರಿಯಡ್ಡಾಗಲಿ.

ಕೊನೆಯದಾಗಿ ಈ ಐದೂ ತಾಲ್ಲೂಕುಗಳ ಮುಖ್ಯೋಪಾಧ್ಯಾಯರಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಮ್ಮ ಊರುಗಳು ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನಮ್ಮ ನೆತ್ತಿಗೆ ಬರುತ್ತಾನೆ: ಏಪ್ರಿಲ್ 30 ಅಥವಾ ಮೇ 1ರಂದು ಒಮ್ಮೆ, ಆಗಸ್ಟ್ 11 ಅಥವಾ 12ರಂದು ಮತ್ತೊಮ್ಮೆ. ಆ ಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ದಿನಗಳಲ್ಲಿ ಉತ್ತರಕ್ಕೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಶಾಲೆ ನಡೆಯುತ್ತಿರುತ್ತದೆ. ಬೀದರಿನ ಯಾವುದಾದರೂ ಶಾಲೆಯೊಂದಿಗೆ ಈಗಲೇ ಮಾತಾಡಿಕೊಳ್ಳಿ. ಕೊಟ್ಟೂರಿನಲ್ಲಿ ನೆರಳಿಲ್ಲದ ದಿನ ಬೀದರಿನ ನಡುಮಧ್ಯಾಹ್ನಕ್ಕೆ ಅಲ್ಲಿನ ಒಂದು ಮೀಟರ್ ಕೋಲಿಗೆ ಸುಮಾರು ಐದೂವರೆ ಸೆಂಟಿಮೀಟರ್ ನೆರಳಿರುತ್ತದೆ, ಅಂದರೆ ಮೂರು ಡಿಗ್ರಿಗಿಂತ ತುಸು ಹೆಚ್ಚು ಕೋನ. ಎರಡೂ ಊರುಗಳ ಉತ್ತರ-ದಕ್ಷಿಣ ಅಂತರ ಸುಮಾರು 343 ಕಿಲೋಮೀಟರ್. ಇಷ್ಟರಿಂದಲೇ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂದು ಮಕ್ಕಳು ತಾವೇ ಕಂಡುಹಿಡಿಯಬಹುದು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನ ಎರಡು ಊರುಗಳ ನಡುವೆ ಎರಟೋಸ್ತನೀಸ್ ಮಾಡಿದ್ದೂ ಇದೇ ಲೆಕ್ಕ. ಮೋಡವಿದ್ದರೆ ಹಿಂದಿನ ದಿನ ಅಥವಾ ಮರುದಿನ ಅಳೆಯಿರಿ, ವ್ಯತ್ಯಾಸ ಅಲ್ಪ. ಬರುವ ಆಗಸ್ಟ್ 12ರಂದು ಮಧ್ಯಾಹ್ನ 12 ಗಂಟೆಗೇ ಮಕ್ಕಳನ್ನು ಬಯಲಿಗೆ ಕರೆತನ್ನಿ. ನಮ್ಮಲ್ಲಿ ಅಂದು ಸೂರ್ಯ ನೆತ್ತಿಗೆ ಬರುವುದು 12.30ರ ಸುಮಾರಿಗೆ.